ಮೂರು ಪಾಲು ಅಕ್ಕಿ, ಒಂದು ಪಾಲು ಬೇಳೆ

ಸಂಸ್ಕೃತದಲ್ಲಿ ಅಡಿಗೆಯವನಿಗೆ ಸೂಪಕಾರನೆಂದೂ ಪಾಕವಿದ್ಯೆಗೆ ಸೂಪಶಾಸ್ತ್ರವೆಂದೂ ಹೆಸರುಂಟು. ಸೂಪವೆಂದರೆ ಮುಖ್ಯವಾಗಿ ಬೇಳೆಯನ್ನು ಬೇಯಿಸಿ ಮಾಡಿದ ವ್ಯಂಜನ. ನಮ್ಮ ತೊವ್ವೆ, ಸಾರುಗಳ ಹಿರಿಯಣ್ಣ. 16ನೆಯ ಶತಮಾನದಲ್ಲಿ ಮೂರನೆಯ ಮಂಗರಸನು ಕನ್ನಡದಲ್ಲಿ ರಚಿಸಿದ ಪಾಕಗ್ರಂಥದ ಹೆಸರೂ ಸೂಪಶಾಸ್ತ್ರವೇ. ಎಲೆಯ ತುಂಬ ಬಡಿಸುವ ಅನ್ನವನ್ನು ಬಿಟ್ಟು, ಅದರ ಮೇಲೆ ಒಂದು ಸೌಟು ಬೀಳುವ ಬೇಳೆಯ ಹೆಸರಿನಿಂದ ಇಡೀ ವಿದ್ಯೆಯನ್ನು ಕರೆದದ್ದು ಎಷ್ಟು ಸಾರ್ಥಕವೆಂಬುದು ಉಗ್ರಾಣದ ಲೆಕ್ಕ ನೋಡಿದವರಿಗೆ ಮನದಟ್ಟಾಗುತ್ತದೆ.

ಸಂಧಿಸಮಾಸಗಳನ್ನು ಕುರಿತು ಬರೆಯಬೇಕಾದ ಪಂಡಿತನು ಉಗ್ರಾಣದ ಬಾಗಿಲಿಗೆ ಬಂದು ನಿಂತದ್ದೇಕೆಂದು ವಾಚಕರು ಕೇಳಬಹುದು. ಪಾಠ ಹೇಳುವಾಗ ಮೂರನೆಯ ಅವಧಿಗೇ ತೂಕಡಿಸುವ ಹುಡುಗರನ್ನು ನಾನು ಪ್ರತಿವರ್ಷವೂ ಕಾಣುತ್ತಿದ್ದೇನೆ. “ಊಟ ಮಾಡಿ ಬಂದಿರುವೆಯೇನಪ್ಪ?” ಎಂದರೆ, “ಹೊಟ್ಟೆ ತುಂಬ ಉಂಡಿದ್ದೇನೆ, ಗುರುಗಳೇ” ಎಂಬ ಉತ್ತರ. ಏನು ಉಂಡೆ ಎಂದರೆ, ಅನ್ನ ಮತ್ತು ತಿಳಿಸಾರು. ಆ ಹುಡುಗ ಸುಳ್ಳು ಹೇಳುತ್ತಿಲ್ಲ. ಅವನ ಹೊಟ್ಟೆ ತುಂಬಿದೆ. ಆದರೆ ಆ ಊಟದಲ್ಲಿ ಬೇಳೆ ಎಷ್ಟಿತ್ತು?

ಅಕ್ಕಿಯಲ್ಲಿ ನೂರು ಗ್ರಾಮಿಗೆ ಏಳೆಂಟು ಗ್ರಾಂ ಮಾತ್ರ ಸಸಾರಜನಕವಿದೆ. ತೊಗರಿ, ಹೆಸರು, ಉದ್ದು, ಹುರುಳಿ, ಅಲಸಂದೆ ಮೊದಲಾದ ದ್ವಿದಳ ಧಾನ್ಯಗಳಲ್ಲಿ ಅದು ಇಪ್ಪತ್ತರಿಂದ ಇಪ್ಪತ್ತನಾಲ್ಕು ಗ್ರಾಂ. ಆದುದರಿಂದ ಒಂದು ಪಾಲು ಬೇಳೆಯು ಮೂರು ಪಾಲು ಅಕ್ಕಿಗೆ ಸರಿದೂಗುತ್ತದೆ. ಪ್ರಮಾಣಕ್ಕಿಂತಲೂ ಮುಖ್ಯವಾದದ್ದು ಇವುಗಳ ಪರಸ್ಪರ ಸಂಬಂಧ. ಸಸಾರಜನಕವು ಅಮೈನೋ ಆಮ್ಲಗಳೆಂಬ ಘಟಕಗಳಿಂದ ಕೂಡಿದ್ದು. ಅವುಗಳಲ್ಲಿ ಕೆಲವನ್ನು ದೇಹವು ತಾನೇ ನಿರ್ಮಿಸಿಕೊಳ್ಳಲಾರದು, ಆಹಾರದಿಂದಲೇ ಪಡೆಯಬೇಕು. ಅಕ್ಕಿಯಲ್ಲಿ ಲೈಸೀನ್ ಎಂಬ ಆಮ್ಲ ಕಡಿಮೆ. ಬೇಳೆಯಲ್ಲಿ ಅದು ಸಮೃದ್ಧ. ಬೇಳೆಯಲ್ಲಿ ಮೆಥಿಯೊನೀನ್ ಕಡಿಮೆ. ಅಕ್ಕಿಯು ಆ ಕೊರತೆಯನ್ನು ತುಂಬುತ್ತದೆ. ಒಬ್ಬರ ಸಾಲವನ್ನು ಮತ್ತೊಬ್ಬರು ತೀರಿಸುವ ಅಣ್ಣತಮ್ಮಂದಿರಂತೆ ಇವೆರಡರ ನಡೆ. ರಾಗಿ, ಜೋಳಗಳಿಗೂ ಇದೇ ನ್ಯಾಯ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರು ಸೂಚಿಸುವ ಪ್ರಮಾಣವೂ ಸುಮಾರಾಗಿ ಮೂರಕ್ಕೆ ಒಂದು.

ಈ ಪ್ರಮಾಣವನ್ನು ಪ್ರಯೋಗಶಾಲೆ ಹೇಳುವುದಕ್ಕೆ ಮೊದಲೇ ನಮ್ಮ ಒರಳುಕಲ್ಲು ಬಲ್ಲದು. ದೋಸೆಗೆ ಮೂರು ಪಾವು ಅಕ್ಕಿ ನೆನೆಹಾಕಿದರೆ ಒಂದು ಪಾವು ಉದ್ದು ಎಂಬುದು ನಮ್ಮ ತಾಯಿಯ ಲೆಕ್ಕ. ಇಡ್ಡಲಿಯ ಸಂಗತಿಯಂತೂ ಸ್ವಾರಸ್ಯಕರ. 1025ರ ಸುಮಾರಿನಲ್ಲಿ ಎರಡನೆಯ ಚಾವುಂಡರಾಯನು ತನ್ನ ಲೋಕೋಪಕಾರದಲ್ಲಿ ಹೇಳಿರುವ ವಿಧಾನದಲ್ಲಿ ಮಜ್ಜಿಗೆಯಲ್ಲಿ ನೆನೆಸಿ ಅರೆದ ಉದ್ದು ಇದೆ, ಅಕ್ಕಿಯಿಲ್ಲ. ಅಕ್ಕಿ ಬಂದು ಸೇರಿದ್ದು ಅನಂತರ. ಹೊಲದಲ್ಲಿಯೂ ಇದೇ ವ್ಯವಸ್ಥೆ: ರಾಗಿಯ ಕೆಲವು ಸಾಲುಗಳಿಗೊಂದು ಅವರೆಯ ಅಥವಾ ತೊಗರಿಯ ಅಕ್ಕಡಿ ಸಾಲು. ದ್ವಿದಳದ ಬೇರಿನ ಗಂಟುಗಳಲ್ಲಿ ನೆಲೆಸಿದ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದಿಡುವುದರಿಂದ ಭೂಮಿಗೂ ಅದು ಆಹಾರವೇ.

ಈ ಸಮತೋಲ ತಪ್ಪಿದ್ದು ಇತ್ತೀಚಿನ ಕಥೆ. ದೇಶದಲ್ಲಿ ತಲೆಗೆ ದಿನಕ್ಕೆ ದೊರೆಯುತ್ತಿದ್ದ ಬೇಳೆಕಾಳು 1951ರಲ್ಲಿ ಸುಮಾರು 60 ಗ್ರಾಂ. 2001ರ ವೇಳೆಗೆ ಅದು ಸುಮಾರು 30ಕ್ಕೆ ಇಳಿಯಿತು. ನೀರಾವರಿಯೂ ಹೊಸ ತಳಿಗಳೂ ಬತ್ತ, ಗೋಧಿಗಳನ್ನು ಹೆಚ್ಚಿಸಿದುವು. ಬೇಳೆಕಾಳುಗಳು ಮಳೆಯಾಶ್ರಯದ ಬಡ ಹೊಲಗಳಲ್ಲೇ ಉಳಿದುವು. 2013ರಲ್ಲಿ ಅನ್ನಭಾಗ್ಯ ಯೋಜನೆ ಬಂದ ಮೇಲೆ ಬಡವರ ಮನೆಯಲ್ಲಿ ಅಕ್ಕಿಯ ಚಿಂತೆ ಬಹುಮಟ್ಟಿಗೆ ನೀಗಿತು. ಹಸಿವನ್ನು ಬಲ್ಲವರಾರೂ ಇದನ್ನು ಹಗುರವಾಗಿ ಕಾಣಲಾರರು. ಆದರೆ 2015ರ ಕೊನೆಯ ತಿಂಗಳುಗಳಲ್ಲಿ ತೊಗರಿಬೇಳೆಯ ಬೆಲೆ ಅನೇಕ ನಗರಗಳಲ್ಲಿ ಕಿಲೋಗೆ 200 ರೂಪಾಯಿಯನ್ನು ಮುಟ್ಟಿದಾಗ ಗೃಹಿಣಿಯರು ಮಾಡಿದ್ದೇನು? ಬೇಳೆಯನ್ನು ಅರ್ಧಕ್ಕಿಳಿಸಿ ಹುಣಿಸೆಹಣ್ಣನ್ನೂ ನೀರನ್ನೂ ಹೆಚ್ಚಿಸಿದರು. ಬೆಲೆ ಇಳಿದ ಮೇಲೂ ಎಷ್ಟೋ ಮನೆಗಳಲ್ಲಿ ಆ ನೀರು ಇಳಿಯಲಿಲ್ಲ.

ಇಲ್ಲಿಯೇ ನನ್ನ ತಕರಾರು. ಮಿತವ್ಯಯವನ್ನು ಬೇಳೆಯ ಪ್ರಮಾಣದಲ್ಲಿ ಸಾಧಿಸಬಾರದು, ಜಾತಿಯಲ್ಲಿ ಸಾಧಿಸಬೇಕು. ತೊಗರಿಯೊಂದೇ ಬೇಳೆಯೆಂಬ ಭ್ರಮೆ ನಮ್ಮ ಪೇಟೆಯ ಮನೆಗಳಿಗೆ ಅಂಟಿಕೊಂಡಿದೆ. ಸಾಮಾನ್ಯವಾಗಿ ಅದಕ್ಕಿಂತ ಅಗ್ಗವಾಗಿ ಸಿಕ್ಕುವ ಹುರುಳಿಯಲ್ಲಿ ಸಸಾರಜನಕ ಸರಿಸುಮಾರು ಅಷ್ಟೇ ಇದೆ. ಸುಣ್ಣದ ಅಂಶ ಅದಕ್ಕಿಂತ ಹೆಚ್ಚು. ಆದರೂ ಎತ್ತು ಕುದುರೆಗಳ ಮೇವೆಂದು ಅದಕ್ಕೆ ಪಂಕ್ತಿಬಾಹ್ಯತೆ! ಹುರುಳು ಎಂದರೆ ಸತ್ತ್ವ, ಸಾರ. ಹುರುಳಿಗೂ ಆ ಪದಕ್ಕೂ ಇರುವ ಧ್ವನಿಸಾಮ್ಯವನ್ನು ನಾನು ತರಗತಿಯಲ್ಲಿ ಹೇಳಿ ನಗಿಸುವುದುಂಟು. ಹಳ್ಳಿಗಳಲ್ಲಿ ಹುರುಳಿ ಬೇಯಿಸಿ, ಕಟ್ಟನ್ನು ಬಸಿದು ಸಾರು ಮಾಡಿ, ಬೆಂದ ಕಾಳನ್ನು ಎತ್ತಿಗೆ ಹಾಕುತ್ತಿದ್ದರು. ಸಸಾರಜನಕದ ಬಹುಭಾಗ ಉಳಿಯುವುದು ಕಾಳಿನಲ್ಲಿಯೇ. ರುಚಿ ಮನುಷ್ಯನಿಗೆ, ಬಲ ಬಸವಣ್ಣನಿಗೆ. ಎತ್ತು ಗೇಯಬೇಕಾದ್ದರಿಂದ ಅದೂ ತಪ್ಪಲ್ಲ. ಎತ್ತಿಲ್ಲದ ಮನೆಯವರು ಕಾಳನ್ನು ಚೆಲ್ಲುವುದು ಮಾತ್ರ ತಪ್ಪು. ಕಟ್ಟಿನಿಂದ ಸಾರು, ಕಾಳಿನಿಂದ ಪಲ್ಯ ಎಂಬ ಬಸ್ಸಾರಿನ ಕ್ರಮದಲ್ಲಿ ಏನೂ ವ್ಯರ್ಥವಾಗದು.

ಇನ್ನು ಲೆಕ್ಕ. ತಂದೆ, ತಾಯಿ, ಶಾಲೆಗೆ ಹೋಗುವ ಮೂವರು ಮಕ್ಕಳಿರುವ ಮನೆಗೆ ದಿನಕ್ಕೆ 1,200 ಗ್ರಾಂ ಅಕ್ಕಿ, 400 ಗ್ರಾಂ ಬೇಳೆಕಾಳು ಎಂದಿಟ್ಟುಕೊಳ್ಳೋಣ. ಬೆಳಿಗ್ಗೆ ದೋಸೆಗೆ 300 ಗ್ರಾಂ ಅಕ್ಕಿ, 100 ಗ್ರಾಂ ಉದ್ದು. ಮಧ್ಯಾಹ್ನ 450 ಗ್ರಾಂ ಅಕ್ಕಿಯ ಅನ್ನಕ್ಕೆ 150 ಗ್ರಾಂ ಹುರುಳಿ ಅಥವಾ ಅಲಸಂದೆ. ರಾತ್ರಿ ಅಷ್ಟೇ ಅಕ್ಕಿಗೆ 150 ಗ್ರಾಂ ಹೆಸರು ಅಥವಾ ತೊಗರಿ. ಅಕ್ಕಿಯಿಂದ ಸುಮಾರು 90 ಗ್ರಾಂ, ಕಾಳಿನಿಂದ ಸುಮಾರು 88 ಗ್ರಾಂ ಸಸಾರಜನಕ ದೊರೆಯಿತು. 55 ಕಿಲೋ ತೂಕದ ವಯಸ್ಕನಿಗೆ ದಿನಕ್ಕೆ ಬೇಕಾದದ್ದು ಸುಮಾರು 46 ಗ್ರಾಂ. ಮಕ್ಕಳಿಗೆ ತೂಕಕ್ಕೆ ತಕ್ಕಂತೆ. ಐವರಿಗೂ ಇದು ಸಾಲುತ್ತದೆ. ಅದೇ ಅಕ್ಕಿಗೆ 100 ಗ್ರಾಂ ಬೇಳೆಯ ತಿಳಿಸಾರು ಮಾಡಿದರೆ ಒಟ್ಟು 112 ಗ್ರಾಂ ಮಾತ್ರ. ಆ ಕೊರತೆ ಮೊದಲು ತಟ್ಟುವುದು ಬೆಳೆಯುವ ಮಕ್ಕಳಿಗೆ. ಇದರ ಜೊತೆಗೆ ಸೊಪ್ಪೂ ಮಜ್ಜಿಗೆಯೂ ಇರತಕ್ಕದ್ದು. ಬೇಳೆಯು ಎಲ್ಲ ಜೀವಸತ್ತ್ವಗಳನ್ನೂ ಕೊಡಲಾರದು.

ಕಾಳು ಬೇಯದೆಂಬುದೂ ವಾಯುವೆಂಬುದೂ ಸಾಮಾನ್ಯ ಆಕ್ಷೇಪಣೆ. ಹುರುಳಿಯನ್ನು ರಾತ್ರಿಯಿಡೀ ನೆನೆಯಿಟ್ಟು ಆ ನೀರನ್ನು ಚೆಲ್ಲಿದರೆ ವಾಯು ಹುಟ್ಟಿಸುವ ಶರ್ಕರಗಳು ಸಾಕಷ್ಟು ಹೊರಟುಹೋಗುತ್ತವೆ. ಬೇಗ ಬೇಯಲೆಂದು ಸೋಡ ಹಾಕುವ ಚಾಳಿ ಒಳ್ಳೆಯದಲ್ಲ. ‘ಬಿ’ ಗುಂಪಿನ ಥಯಮಿನ್ ಎಂಬ ಜೀವಸತ್ತ್ವ ನಾಶವಾಗುತ್ತದೆ. ಹುಣಿಸೆಯನ್ನು ಬೇಳೆ ಬೆಂದ ಮೇಲೆಯೇ ಹಾಕಬೇಕು. ಹುಳಿ ಮುಂದಾದರೆ ಬೇಳೆ ಬೇಯುವುದಿಲ್ಲ. ಮೊಳಕೆ ಬರಿಸಿದ ಕಾಳಿನಲ್ಲಿ ‘ಸಿ’ ಜೀವಸತ್ತ್ವ ಹುಟ್ಟುತ್ತದೆ. ಅದೂ, ಮೇಲೆ ಹಿಂಡಿದ ನಿಂಬೆಯ ರಸವೂ ಕಾಳಿನ ಕಬ್ಬಿಣದ ಅಂಶ ಮೈಗೆ ಹತ್ತಲು ಸಹಾಯಕ. ಉತ್ತರದೇಶದಿಂದ ಬಂದ ರಾಜ್ಮಾ ಕಾಳಿನಲ್ಲಿ ಮಾತ್ರ ಎಚ್ಚರವಿರಲಿ: ಅರೆಬೆಂದುದನ್ನು ತಿಂದರೆ ವಾಂತಿಭೇದಿ ತಪ್ಪದು.

ಕೊನೆಗೆ ದಾನಿಗಳಲ್ಲಿ ಒಂದು ಅರಿಕೆ. ಸರ್ಕಾರಿ ಶಾಲೆಗಳ ಬಿಸಿಯೂಟದಲ್ಲಿ ಪ್ರಾಥಮಿಕ ತರಗತಿಯ ಮಗುವಿಗೆ 100 ಗ್ರಾಂ ಧಾನ್ಯಕ್ಕೆ 20 ಗ್ರಾಂ ಬೇಳೆಯೆಂದು ನಿಯಮವೇ ಇದೆ. ಪ್ರಸಾದನಿಲಯಗಳಿಗೆ ಅಂತಹ ನಿಯಮವಿಲ್ಲ. ಭಕ್ತರು ತಂದದ್ದೇ ಪ್ರಸಾದ. ಸುಗ್ಗಿಯಲ್ಲಿ ಅಕ್ಕಿಯ ಮೂಟೆಗಳು ಗಾಡಿಗಾಡಿಯಾಗಿ ಬರುತ್ತವೆ. ಬೇಳೆಯ ಮೂಟೆ ಹೊತ್ತು ತರುವವರು ವಿರಳ. ಮೂರು ಮೂಟೆ ಅಕ್ಕಿ ಕೊಡುವವರು ಅದರಲ್ಲಿ ಒಂದರ ಬದಲು ಅಷ್ಟೇ ಹಣದ ಹುರುಳಿಯನ್ನೋ ಅಲಸಂದೆಯನ್ನೋ ಕೊಡಬಹುದು. ಒಡೆದ ಬೇಳೆಗಿಂತ ಇಡಿಗಾಳು ಮೇಲು. ಹುಳು ಬೀಳದಂತೆ ಎರಡು ಬಿಸಿಲು ಚೆನ್ನಾಗಿ ಒಣಗಿಸಿ, ಒಣಗಿದ ಬೇವಿನೆಲೆ ಬೆರೆಸಿ ತಂದರೆ ಉಗ್ರಾಣದವರಿಗೆ ಅರ್ಧ ಕೆಲಸ ತಪ್ಪುತ್ತದೆ. ತೊಗರಿಯಾದರೆ ಕೆಮ್ಮಣ್ಣು ಕಟ್ಟಿಯೇ ತರಬಹುದು.