ಹದಿನೈದು ಗಂಟೆಯ ಲೆಕ್ಕ

ಕುರ್ಲಾದಲ್ಲಿರುವ ನಮಗೆ ವಿಮಾನ ಹೊಸದೇನಲ್ಲ. ಸಹಾರಿಗೆ ಇಳಿಯುವ ವಿಮಾನಗಳು ಚಾಳಿನ ತಲೆಯ ಮೇಲೆಯೇ ಹೋಗ್ತವೆ; ದಾಟುವ ತನಕ ಮಾತು ನಿಲ್ಲಿಸಿ ಕೂರುವುದು ರೂಢಿ. ಆದರೂ ದೂರದ ಊರಿಂದ ವಿಮಾನ ಬರಲು ಎಷ್ಟು ಹೊತ್ತು ಬೇಕೆಂಬ ಲೆಕ್ಕದಲ್ಲಿ ನಾನು ಒಮ್ಮೆ ತಪ್ಪಿದೆ.

ಕಳೆದ ಚಳಿಗಾಲ ಅಜ್ಜಿಗೆ ತೀರಾ ಹುಷಾರಿರಲಿಲ್ಲ. ದೊಡ್ಡ ಮಾವ ಸ್ಯಾನ್ ಫ್ರಾನ್ಸಿಸ್ಕೋದಿಂದ ಫೋನ್ ಮಾಡಿ, "ಶನಿವಾರ ರಾತ್ರಿ ಒಂಬತ್ತಕ್ಕೆ ವಿಮಾನ ಹತ್ತುತ್ತೇನೆ" ಎಂದಿದ್ದರು. ಭಾನುವಾರ ಬೆಳಗಿನ ಐದಕ್ಕೆ ಅಜ್ಜಿ ತೀರಿಕೊಂಡರು. ಕಾಮರ್ಸ್ ಓದುವವನೆಂದು ಲೆಕ್ಕ ನನ್ನ ಪಾಲಿಗೆ ಬಂತು. ಅಂತರ ಸುಮಾರು 13,500 ಕಿ.ಮೀ., ವೇಗ ಗಂಟೆಗೆ 900. ಭಾಗಿಸಿದರೆ 15 ಗಂಟೆ. "ಈಗ ವಿಮಾನದಲ್ಲಿದ್ದಾರೆ, ಫೋನ್ ಮಾಡಿ ಪ್ರಯೋಜನವಿಲ್ಲ. ಮಧ್ಯಾಹ್ನ ಹನ್ನೆರಡಕ್ಕೆ ಇಳೀತಾರೆ" ಎಂದೆ. ಸಂಜೆಯವರೆಗೆ ಕಾದು, ಹಿರಿಯರು ಅಜ್ಜಿಯನ್ನು ಸ್ಮಶಾನಕ್ಕೆ ಒಯ್ದರು. ಮಾವ ಬಂದಿಳಿದದ್ದು ಸೋಮವಾರ ನಸುಕಿನ ಮೂರೂವರೆಗೆ. "ತಾಯಿಗಿಂತ ಡಾಲರ್ ದೊಡ್ಡದಾಯ್ತು" ಎಂದು ಯಾರೋ ಅಂದೇಬಿಟ್ಟರು. ಮಾವ ಮಾತಾಡಲಿಲ್ಲ.

ತಪ್ಪು ಮಾವನದಲ್ಲ, ನನ್ನದು. ಹೇಗೆ ಅಂತ ನೋಡಿ.

ಮೊದಲನೆಯದು ಗಡಿಯಾರ. ನಮ್ಮ ಸಮಯ ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದೆ. ಸ್ಯಾನ್ ಫ್ರಾನ್ಸಿಸ್ಕೋ ಚಳಿಗಾಲದಲ್ಲಿ ಎಂಟು ಗಂಟೆ ಹಿಂದೆ. ಕೂಡಿದರೆ ಹದಿಮೂರೂವರೆ. (ಬೇಸಿಗೆಯಲ್ಲಿ ಅವರು ಗಡಿಯಾರವನ್ನು ಒಂದು ಗಂಟೆ ಮುಂದಿಡುವುದರಿಂದ ಹನ್ನೆರಡೂವರೆ.) ಅಂದರೆ ಅಲ್ಲಿಯ ಶನಿವಾರ ರಾತ್ರಿ ಒಂಬತ್ತು, ಇಲ್ಲಿಯ ಭಾನುವಾರ ಬೆಳಿಗ್ಗೆ ಹತ್ತೂವರೆ. ಅಜ್ಜಿ ತೀರಿಕೊಂಡಾಗ ಅಲ್ಲಿ ಇನ್ನೂ ಶನಿವಾರ ಮಧ್ಯಾಹ್ನ ಮೂರೂವರೆ. ಮಾವ ಮನೆಯಲ್ಲೇ ಇದ್ದರು. ಫೋನ್ ಮಾಡಿದ್ದರೆ ಸಿಗುತ್ತಿದ್ದರು.

ಎರಡನೆಯದು ದಾರಿ. ಗೋಡೆಯ ಭೂಪಟದ ಮೇಲೆ ಸ್ಕೇಲಿಟ್ಟು ಗೆರೆ ಎಳೆದರೆ ಅದು ಅರಬಸ್ತಾನ, ಆಫ್ರಿಕ, ಅಟ್ಲಾಂಟಿಕ್ ದಾಟಿ ಹೋಗುತ್ತದೆ. ಭೂಮಿ ದುಂಡಗಿರುವುದರಿಂದ ಅದು ಹತ್ತಿರದ ದಾರಿಯಲ್ಲ. ಭೂಗೋಳದ ಮೇಲೆ ಎರಡು ಊರಿಗೂ ದಾರ ಬಿಗಿದು ಹಿಡಿಯಿರಿ. ಅದು ಸೈಬೀರಿಯಾ, ಆರ್ಕ್‌ಟಿಕ್ ಸಾಗರ, ಅಲಾಸ್ಕದ ಮೇಲೆ ಹಾಯುತ್ತದೆ. ಇದಕ್ಕೆ ಮಹಾವೃತ್ತದ ದಾರಿ ಎನ್ನುತ್ತಾರೆ. 13,500 ಕಿ.ಮೀ. ಎಂಬುದು ಈ ದಾರದ ಉದ್ದ. ವಿಮಾನ ಸರಿಯಾಗಿ ಅದರ ಮೇಲೆಯೇ ಹಾರುವುದಿಲ್ಲ. ಗಾಳಿ ನೋಡಿಕೊಂಡು, ಹಾರಲು ಅನುಮತಿಯಿಲ್ಲದ ದೇಶಗಳನ್ನು ಬಳಸಿಕೊಂಡು ಹೋಗಬೇಕು.

ಮೂರನೆಯದು ವೇಗ. ಗಂಟೆಗೆ 900 ಎನ್ನುವುದು ಹತ್ತು ಹನ್ನೊಂದು ಕಿ.ಮೀ. ಎತ್ತರದಲ್ಲಿ ಮಾತ್ರ. ಏರುವಾಗ, ಇಳಿಯುವಾಗ ಕಮ್ಮಿ. ನೆಲದ ಮೇಲೆ ತೆವಳುವ ಹೊತ್ತೂ ಟಿಕೆಟ್ಟಿನ ಸಮಯದಲ್ಲಿ ಸೇರಿರುತ್ತದೆ. ಆ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೋರು ಗಾಳಿ ಬೀಸುವುದರಿಂದ ಹೋಗುವ, ಬರುವ ಸಮಯ ಒಂದೇ ಇರುವುದಿಲ್ಲ. ಹೀಗೆ ಹದಿನೈದು ಹದಿನೇಳಾಗುತ್ತದೆ.

ಅನುಮಾನವಿದ್ದರೆ ಬೆಂಗಳೂರಿನ ಉದಾಹರಣೆ ನೋಡಿ. ಏರ್ ಇಂಡಿಯಾದ ಮೊದಲ ನೇರ ವಿಮಾನ ಸ್ಯಾನ್ ಫ್ರಾನ್ಸಿಸ್ಕೋ ಬಿಟ್ಟದ್ದು 2021ರ ಜನವರಿ 9ರ ರಾತ್ರಿ. ಕ್ಯಾಪ್ಟನ್ ಝೋಯಾ ಅಗರ್‌ವಾಲ್ ಮತ್ತು ಸಂಗಡಿಗ ಮಹಿಳಾ ಪೈಲಟ್‌ಗಳು ಅದನ್ನು ಉತ್ತರ ಧ್ರುವದ ಮೇಲಿಂದ ತಂದರು. ಹಾರಿದ್ದು ಸುಮಾರು ಹದಿನೇಳು ಗಂಟೆ; ಬೆಂಗಳೂರಿಗೆ ಇಳಿದಾಗ 11ರ ನಸುಕು.

ಆದ್ದರಿಂದ ದೂರದವರು ಹೊರಟರೆ, "ನಮ್ಮ ಗಡಿಯಾರದಲ್ಲಿ ಯಾವ ವಾರ, ಎಷ್ಟು ಗಂಟೆಗೆ ಇಳಿಯುತ್ತೀರಿ?" ಎಂದು ಕೇಳಿ ಬರೆದಿಟ್ಟುಕೊಳ್ಳಿ. ಸರಿಯಾಗಿ ಗೊತ್ತಿದ್ದರೆ ಅಜ್ಜಿಯನ್ನು ಒಂದು ರಾತ್ರಿ ಆಸ್ಪತ್ರೆಯ ಶೈತ್ಯಾಗಾರದಲ್ಲಿಡಬಹುದಿತ್ತು. ಮಾವನಿಗೆ ಇದನ್ನೆಲ್ಲ ಇನ್ನೂ ಹೇಳಿಲ್ಲ. ಈ ಸಂಚಿಕೆ ಬಂದ ಮೇಲೆ ಒಂದು ಪ್ರತಿ ಅವರಿಗೆ ಕಳಿಸುತ್ತೇನೆ.