ಬೀಸುಕಲ್ಲಿನ ಗೂಟ ಅಂಚಿನಲ್ಲೇಕೆ?

ಸಹೋದರಿಯರೇ, ಹಳೆಯ ಬೀಸುಕಲ್ಲನ್ನು ನೀವು ನೋಡಿರಬಹುದು. ಅದರ ಗೂಟ ಅಂಚಿನಲ್ಲೇ ಇರುತ್ತದೆ. ನಡುವಿನ ಕೀಲಿಗೆ ಹತ್ತಿರವಿದ್ದರೆ ಜೋಳ ಬೀಸುವಷ್ಟರಲ್ಲಿ ತೋಳು ಸೋತುಹೋಗುತ್ತಿತ್ತು. ವಸ್ತುವನ್ನು ತಿರುಗಿಸಲು ಕೈಯ ಬಲವೊಂದೇ ಸಾಲದು, ಕೀಲಿನಿಂದ ಕೈ ಎಷ್ಟು ದೂರವಿದೆ ಎಂಬುದೂ ಮುಖ್ಯ. ಬಲವನ್ನು ಈ ದೂರದಿಂದ ಗುಣಿಸಿದರೆ ಬರುವುದೇ ತಿರುಗುಬಲ. ವಿಜ್ಞಾನದಲ್ಲಿ ಇದಕ್ಕೆ ಟಾರ್ಕ್ ಎನ್ನುತ್ತಾರೆ.

ಇಳಕಲ್ ಕೆಂಪು ಗ್ರಾನೈಟಿಗೆ ಹೆಸರಾದ ಊರು. ಕಲ್ಲು ಕದಲಿಸುವವರು 5 ಅಡಿಯ ಹಾರೆಯ ಕೆಳಗೆ ಸಣ್ಣ ಕಲ್ಲೊಂದನ್ನು ಆನಿಕೆಯಾಗಿ ಇಡುತ್ತಾರೆ. ಆನಿಕೆಯಿಂದ ಬಂಡೆಯ ಕಡೆಗೆ ಅರ್ಧ ಅಡಿ, ಕೈಯ ಕಡೆಗೆ ನಾಲ್ಕೂವರೆ ಅಡಿ ಇದ್ದರೆ ಬಲ 9 ಪಟ್ಟಾಗುತ್ತದೆ. 30 ಕಿಲೋ ಭಾರ ಹಾಕಿದವನು 270 ಕಿಲೋ ಎತ್ತಬಲ್ಲ.

ಎರಡೂ ಕಡೆಯ ತಿರುಗುಬಲ ಸಮವಾದರೆ ವಸ್ತು ಅಲುಗದೆ ನಿಲ್ಲುತ್ತದೆ. ತಕ್ಕಡಿಯ ಗುಟ್ಟೂ ಇದೇ. 1121ರಲ್ಲೇ ಮರ್ವ್ ನಗರದ ಅಲ್ ಖಾಝಿನಿ ‘ಮೀಝಾನುಲ್ ಹಿಕ್ಮ’ ಎಂಬ ಗ್ರಂಥದಲ್ಲಿ ತಕ್ಕಡಿಯನ್ನೂ ಗುರುತ್ವ ಕೇಂದ್ರವನ್ನೂ ವಿವರಿಸಿದ್ದರು. ತಕ್ಕಡಿಯ ಒಂದು ತೋಳು ಉದ್ದವಿದ್ದರೆ ತೂಕ ಸುಳ್ಳಾಗುತ್ತದೆ. ಸಂತೆಯಲ್ಲಿ ಸಂಶಯ ಬಂದರೆ ಕಲ್ಲನ್ನೂ ಸಾಮಾನನ್ನೂ ತಟ್ಟೆ ಬದಲಿಸಿ ತೂಗಿಸಿ. ಮೋಸವಿದ್ದರೆ ಬಯಲಾಗುತ್ತದೆ.

ನಮ್ಮ ದೇಹವೂ ಈ ನಿಯಮಕ್ಕೆ ಹೊರತಲ್ಲ. ಬಾದಾಮಿಯ ಗುಹೆಗಳ ಮೆಟ್ಟಿಲು ಹತ್ತುವ ತಾಯಿ ಮಗುವನ್ನು ಒಂದು ಸೊಂಟದ ಮೇಲೆ ಕೂರಿಸಿದರೆ ತಾನು ಇನ್ನೊಂದು ಕಡೆಗೆ ವಾಲುತ್ತಾಳೆ. ಹಾಗೆ ವಾಲದಿದ್ದರೆ ಬೀಳುವ ಭಯ. ನೀರು ತರುವಾಗ ಒಂದು ಕೈಗೆ ದೊಡ್ಡ ಬಕೆಟ್ಟಿಗಿಂತ ಎರಡೂ ಕೈಗೆ ಚಿಕ್ಕ ಬಕೆಟ್ ಒಳ್ಳೆಯದು. ಬೆನ್ನು ಒಂದೇ ಕಡೆಗೆ ಜಗ್ಗುವುದಿಲ್ಲ.

ಈಗ ನಿಮ್ಮ ಮನೆಯ ಕಪಾಟನ್ನು ನೋಡಿ. ಅದರ ಮುಂದಿನ ಕಾಲುಗಳೇ ಕೀಲು ಎಂದುಕೊಳ್ಳಿ. ಡ್ರಾಯರ್ ಬಿಟ್ಟು ಕಪಾಟಿನ ಭಾರ 40 ಕಿಲೋ, ಅದರ ಗುರುತ್ವ ಕೇಂದ್ರ ಕಾಲುಗಳಿಗಿಂತ 20 ಸೆಂಟಿಮೀಟರ್ ಹಿಂದಿದ್ದರೆ ಹಿಂದಕ್ಕೆಳೆಯುವ ಲೆಕ್ಕ 800. ತೆರೆದ ಡ್ರಾಯರುಗಳ 10 ಕಿಲೋ ಭಾರ 25 ಸೆಂಟಿಮೀಟರ್ ಮುಂದಿದ್ದರೆ 250. ಆಗ ಕಪಾಟು ಬೀಳದು. ಆದರೆ 15 ಕಿಲೋ ತೂಗುವ ಮಗು 40 ಸೆಂಟಿಮೀಟರ್ ಮುಂದೆ ಡ್ರಾಯರಿಗೆ ಜೋತುಬಿದ್ದರೆ ಇನ್ನೂ 600 ಸೇರಿ 850 ಆಗುತ್ತದೆ. ಕಪಾಟು ಮಗುವಿನ ಮೇಲೆಯೇ ಮಗುಚುತ್ತದೆ.

ಆದ್ದರಿಂದ ಭಾರವಾದ ಸಾಮಾನನ್ನು ಕೆಳಖಾನೆಯಲ್ಲಿಡಿ. ಎಲ್ಲ ಡ್ರಾಯರುಗಳನ್ನು ಒಮ್ಮೆಲೇ ತೆರೆಯಬೇಡಿ. ಮಕ್ಕಳ ಕಣ್ಣು ಸೆಳೆಯುವ ಆಟಿಕೆ, ತಿಂಡಿ ಡಬ್ಬಿ ಕಪಾಟಿನ ಮೇಲೆ ಬೇಡ. ಕಪಾಟನ್ನು ಗೋಡೆಗೆ ಸ್ಕ್ರೂ ಹಾಕಿ ಬಿಗಿಸಿ. ಈ ಕೆಲಸವನ್ನು ನಾಳೆಗೆ ಬಿಡಬೇಡಿ.