ಹೋಟೆಲಿನ ಗಲ್ಲಾಪೆಟ್ಟಿಗೆಯೂ ಬ್ಯಾಂಕಿನ ಪಾಸ್‌ಬುಕ್ಕೂ

ಪ್ರಥಮ ಪಿಯುಸಿ ಲೆಕ್ಕಶಾಸ್ತ್ರದಲ್ಲಿ ‘ಬ್ಯಾಂಕ್ ಸಮನ್ವಯ ತಃಖ್ತೆ’ ಎಂಬ ಪಾಠವಿದೆ. ಯಾವುದನ್ನು ಕೂಡಿಸಬೇಕು, ಯಾವುದನ್ನು ಕಳೆಯಬೇಕು ಎಂದು ಬಾಯಿಪಾಠ ಮಾಡಿ, ಪರೀಕ್ಷೆ ಮುಗಿದ ಮೇಲೆ ಮರೆಯುವವರೇ ನಮ್ಮಲ್ಲಿ ಹೆಚ್ಚು. ಆದರೆ ನಮ್ಮ ಕಾಲೇಜಿನ ಎಷ್ಟೋ ಮಂದಿಯ ಮನೆಯವರು ಹೋಟೆಲ್, ಬೇಕರಿ, ಜ್ಯೂಸ್ ಅಂಗಡಿ ನಡೆಸುವವರು. ನಮ್ಮದೂ ಒಂದು ಸಣ್ಣ ಹೋಟೆಲ್. ತಿಂಗಳ ಕೊನೆಗೆ ಅದರ ಬ್ಯಾಂಕ್ ಲೆಕ್ಕ ತಾಳೆ ನೋಡುವುದು ಈಗ ನನ್ನ ಕೆಲಸ. ಪಾಠದಲ್ಲಿ ಓದಿದ್ದು ಅಲ್ಲಿ ಹೇಗೆ ಕಾಣುತ್ತದೆ ಎಂದು ಇಲ್ಲಿ ಹೇಳುತ್ತೇನೆ.

ವಿಷಯ ಸರಳ. ಬ್ಯಾಂಕಿನಲ್ಲಿರುವ ನಮ್ಮ ಹಣಕ್ಕೆ ಇಬ್ಬರು ಲೆಕ್ಕ ಬರೆಯುತ್ತಾರೆ. ನಾವು ನಗದು ಪುಸ್ತಕದ ಬ್ಯಾಂಕ್ ಕಾಲಂನಲ್ಲಿ ಬರೆದರೆ, ಬ್ಯಾಂಕಿನವರು ಪಾಸ್‌ಬುಕ್ಕಿನಲ್ಲಿ ಬರೆಯುತ್ತಾರೆ. ಇಬ್ಬರೂ ಸರಿಯಾಗಿ ಬರೆದಿದ್ದರೂ ಒಂದು ನಿರ್ದಿಷ್ಟ ದಿನ ಎರಡೂ ಶಿಲ್ಕು ಒಂದೇ ಆಗಿರುವುದು ಅಪರೂಪ. ವ್ಯತ್ಯಾಸ ಎಲ್ಲಿಂದ ಬಂತು ಎಂದು ಒಂದೊಂದಾಗಿ ತೋರಿಸುವ ಪಟ್ಟಿಯೇ ಸಮನ್ವಯ ತಃಖ್ತೆ.

ಹೋಟೆಲಿನಲ್ಲಿ ಈ ವ್ಯತ್ಯಾಸಗಳು ಬೇರೆ ಅಂಗಡಿಗಳಿಗಿಂತ ಜಾಸ್ತಿ. ಹಣ ಬರುವ ದಾರಿಗಳೇ ನಾಲ್ಕು: ನಗದು, ಯುಪಿಐ, ಕಾರ್ಡು, ಆಹಾರ ತಲುಪಿಸುವ ಆ್ಯಪ್. ಒಂದೊಂದರ ನಡೆ ಒಂದೊಂದು ಬಗೆ. ಕಾರ್ಡ್ ಉಜ್ಜಿದ ಹಣ ಸಾಮಾನ್ಯವಾಗಿ ಮರುದಿನ ಅಥವಾ ನಂತರದ ಕೆಲಸದ ದಿನ ಖಾತೆಗೆ ಬರುತ್ತದೆ, ಅದಕ್ಕೆ ಶುಲ್ಕವೂ ಇದೆ. ಬ್ಯಾಂಕ್ ಖಾತೆಯಿಂದ ನೇರವಾಗಿ ಬರುವ ಯುಪಿಐ ಪಾವತಿಗೆ ವ್ಯಾಪಾರಿ ಕೊಡಬೇಕಿದ್ದ ಎಂಡಿಆರ್ ಶುಲ್ಕವನ್ನು 2020ರ ಜನವರಿಯಿಂದ ತೆಗೆದುಹಾಕಲಾಗಿದೆ. ಆದರೆ ಹಣ ಬಂತೆಂದು ಕೂಗಿ ಹೇಳುವ ಆ ಪುಟ್ಟ ಸ್ಪೀಕರಿಗೆ ತಿಂಗಳ ಬಾಡಿಗೆ ಕಡಿತವಾಗುವುದುಂಟು. ಅದನ್ನು ನಾವು ಪುಸ್ತಕದಲ್ಲಿ ಬರೆಯುವ ಮೊದಲೇ ಬ್ಯಾಂಕ್ ಬರೆದಿರುತ್ತದೆ.

ಆ್ಯಪ್‌ನ ಲೆಕ್ಕ ಇನ್ನೂ ಸುತ್ತು. ಒಂದು ವಾರ 24,000 ರೂ. ಊಟ ಆ್ಯಪ್ ಮೂಲಕ ಹೋಯಿತು, ಕಮಿಷನ್ ಶೇ. 20 ಎಂದಿಟ್ಟುಕೊಳ್ಳಿ. ಈ ದರ ಒಪ್ಪಂದಕ್ಕೆ ತಕ್ಕಂತೆ ಬದಲಾಗುತ್ತದೆ. ಕಮಿಷನ್ 4,800 ರೂ., ಅದರ ಮೇಲೆ ಶೇ. 18 ಜಿಎಸ್‌ಟಿ 864 ರೂ. 2024ರ ಅಕ್ಟೋಬರ್ 1ರಿಂದ ಟಿಡಿಎಸ್ ಶೇ. 0.1, ಅಂದರೆ 24 ರೂ. ಒಟ್ಟು 5,688 ರೂ. ಕಡಿತವಾಗಿ ಖಾತೆಗೆ ಬರುವುದು 18,312 ರೂ. ಗ್ರಾಹಕ ಊಟಕ್ಕೆ ಕೊಟ್ಟ ಜಿಎಸ್‌ಟಿಯನ್ನು 2022ರ ಜನವರಿ 1ರಿಂದ ಆ್ಯಪ್‌ನವರೇ ಸರಕಾರಕ್ಕೆ ಕಟ್ಟುತ್ತಾರೆ. ಹಾಗಾಗಿ ಅದು ನಮ್ಮ ಖಾತೆಗೆ ಬರುವುದೇ ಇಲ್ಲ. ಇಲ್ಲಿ ಇನ್ನೊಂದನ್ನು ಗಮನಿಸಬೇಕು. ಕಮಿಷನ್ ಖರ್ಚು. ಟಿಡಿಎಸ್ ಖರ್ಚಲ್ಲ, ಆದಾಯ ತೆರಿಗೆ ಲೆಕ್ಕದಲ್ಲಿ ನಮಗೆ ಸಲ್ಲಬೇಕಾದ ಹಣ.

ಈಗ ಒಂದು ತಿಂಗಳ ಲೆಕ್ಕ ನೋಡೋಣ. ಅಂಕಿಗಳು ಉದಾಹರಣೆಗೆ ಮಾತ್ರ. 30ನೇ ತಾರೀಕು ನಗದು ಪುಸ್ತಕದ ಶಿಲ್ಕು 1,42,488 ರೂ., ಪಾಸ್‌ಬುಕ್ಕಿನ ಶಿಲ್ಕು 1,59,500 ರೂ. ಮೊದಲು, ಬ್ಯಾಂಕ್ ಬರೆದು ನಾವು ಬರೆಯದೆ ಇರುವುದನ್ನು ನಮ್ಮ ಪುಸ್ತಕಕ್ಕೆ ತರಬೇಕು.

ಕಾರ್ಡ್ ಶುಲ್ಕ: 1,350 ರೂ. ಕಳೆಯಿರಿ.
ಆ್ಯಪ್‌ನ ಕಡಿತ: 5,688 ರೂ. ಕಳೆಯಿರಿ.
ಖಾತೆಯಿಂದ ತಾನಾಗಿ ಹೋದ ಕರೆಂಟ್ ಬಿಲ್ಲು: 9,450 ರೂ. ಕಳೆಯಿರಿ.
ಮದುವೆ ಊಟದ ಗಿರಾಕಿ ನೇರವಾಗಿ ಖಾತೆಗೆ ಹಾಕಿದ ಹಣ: 12,000 ರೂ. ಕೂಡಿಸಿ.

ಸಿಗುವುದು 1,38,000 ರೂ. ಇದು ತಿದ್ದಿದ ನಗದು ಪುಸ್ತಕದ ಶಿಲ್ಕು. ಇನ್ನು ಉಳಿದಿರುವುದು ಸಮಯದ ವ್ಯತ್ಯಾಸ ಮಾತ್ರ. ಕೋಳಿಯವರಿಗೆ ಕೊಟ್ಟ 38,000 ರೂ. ಚೆಕ್ಕು ಇನ್ನೂ ಬ್ಯಾಂಕಿಗೆ ಬಂದಿಲ್ಲ, ಕೂಡಿಸಿ. ಕೊನೆಯ ದಿನದ ಕಾರ್ಡ್ ವ್ಯಾಪಾರ 16,500 ರೂ. ಇನ್ನೂ ಜಮೆ ಆಗಿಲ್ಲ, ಕಳೆಯಿರಿ. 1,59,500 ರೂ. ಬಂತು. ತಾಳೆಯಾಯಿತು.

ಇಷ್ಟು ಕಷ್ಟ ಯಾಕೆ, ಮೊಬೈಲಿನಲ್ಲಿ ಬ್ಯಾಲೆನ್ಸ್ ಕಾಣುತ್ತದಲ್ಲ ಎನ್ನುವವರಿದ್ದಾರೆ. ಅಲ್ಲಿ ಕಾಣುವ 1,59,500ನ್ನು ನಂಬಿ ಮಾಲೀಕರು 1,50,000 ರೂ. ಕೊಟ್ಟು ಹೊಸ ಫ್ರೀಜರ್ ತಂದರೆನ್ನಿ. ಉಳಿಯುವುದು 9,500 ರೂ. ಕಾರ್ಡಿನ 16,500 ಬಂದು ಸೇರಿದರೂ ಆಗುವುದು 26,000. ಮರುದಿನ ಕೋಳಿಯವರ 38,000ದ ಚೆಕ್ಕು ಬಂದರೆ ಅದು ಬೌನ್ಸ್. ಚೆಕ್ ಬೌನ್ಸ್ ಬರೀ ಮುಖಭಂಗವಲ್ಲ. ನೋಟಿಸ್ ಕೊಟ್ಟರೂ ಹಣ ಕಟ್ಟದಿದ್ದರೆ ನೆಗೋಶಿಯೆಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನಡಿ ಎರಡು ವರ್ಷದವರೆಗೆ ಜೈಲು, ಚೆಕ್ಕಿನ ಎರಡು ಪಟ್ಟಿನವರೆಗೆ ದಂಡ, ಅಥವಾ ಎರಡೂ ಆಗಬಹುದು. ನಮ್ಮದು ಅಂತ ನಿಜವಾಗಿ ಇದ್ದದ್ದು 1,38,000 ಮಾತ್ರ. ಅದನ್ನು ತೋರಿಸುವುದು ತಃಖ್ತೆ, ಮೊಬೈಲ್ ಅಲ್ಲ.

ಹಣಕ್ಕಿಂತ ದೊಡ್ಡದು ಇನ್ನೊಂದಿದೆ: ಮನುಷ್ಯರ ಮೇಲಿನ ನಂಬಿಕೆ. ಒಂದು ರಮಝಾನಿನ ಮೊದಲ ಉಪವಾಸದ ದಿನ ನಮ್ಮ ಪುಸ್ತಕದಲ್ಲಿ ಯುಪಿಐ ವ್ಯಾಪಾರ 41,000 ರೂ. ಇತ್ತು. ಬ್ಯಾಂಕಿನಲ್ಲಿ ಆ ತಾರೀಕಿಗೆ 33,600 ಮಾತ್ರ. 7,400 ರೂ. ಎಲ್ಲಿ ಹೋಯಿತು? ಕ್ಯಾಶಿಯರ್ ಗಿರಾಕಿಗಳಿಗೆ ತನ್ನದೇ ಕ್ಯೂಆರ್ ತೋರಿಸಿರಬಹುದು ಎಂಬ ಮಾತು ಅಡುಗೆಮನೆಯಲ್ಲೇ ಶುರುವಾಯಿತು. ಆತ ಏನೂ ಹೇಳಲಿಲ್ಲ, ಎರಡು ದಿನ ಸರಿಯಾಗಿ ಊಟವನ್ನೂ ಮಾಡಲಿಲ್ಲ. ಪ್ರತಿ ಪಾವತಿಯ ಸಮಯ ನೋಡುತ್ತ ಬಂದಾಗ ಉತ್ತರ ಸಿಕ್ಕಿತು. ಅದರ ಹಿಂದಿನ ದಿನದವರೆಗೆ ಹೋಟೆಲ್ ರಾತ್ರಿ 11ಕ್ಕೆ ಮುಚ್ಚುತ್ತಿತ್ತು. ಆ ರಾತ್ರಿ ತರಾವೀಹ್ ಮುಗಿಸಿ ಬರುವವರಿಗಾಗಿ 2 ಗಂಟೆಯವರೆಗೆ ತೆರೆದಿತ್ತು. 12ರ ನಂತರ ಬಂದ ಹಣಕ್ಕೆ ಬ್ಯಾಂಕ್ ಮರುದಿನದ ತಾರೀಕು ಹಾಕಿತ್ತು. ಕೂಡಿಸಿದರೆ ಸರಿಯಾಗಿ 7,400 ರೂ. ಅಪ್ಪ ಎಲ್ಲರ ಎದುರೇ ಆ ಪಟ್ಟಿಯನ್ನು ಓದಿಸಿದರು.

ಹಾಗೆಂದು ತಾಳೆ ನೋಡುವುದು ಯಾವಾಗಲೂ ನಿರಪರಾಧಿಯನ್ನೇ ತೋರಿಸುತ್ತದೆ ಎಂದಲ್ಲ. ಪಾವತಿಯ ಸುಳ್ಳು ಸ್ಕ್ರೀನ್‌ಶಾಟ್ ತೋರಿಸಿ ಎದ್ದುಹೋದ ಗಿರಾಕಿಯೂ ಇಲ್ಲೇ ಸಿಕ್ಕಿಬೀಳುತ್ತಾನೆ. ಪುಸ್ತಕದಲ್ಲಿ ಬಿಲ್ಲು ಇರುತ್ತದೆ, ಬ್ಯಾಂಕಿನಲ್ಲಿ ಹಣ ಇರುವುದಿಲ್ಲ.

ಮನೆಯ ವ್ಯಾಪಾರಕ್ಕೆ ಸಹಾಯ ಮಾಡಬೇಕೆನ್ನುವ ಸ್ನೇಹಿತರು ಹೀಗೆ ಆರಂಭಿಸಬಹುದು. ಹೋಟೆಲಿಗೂ ಮನೆಗೂ ಬೇರೆ ಬೇರೆ ಖಾತೆ ಇರಲಿ. ದಿನದ ವ್ಯಾಪಾರವನ್ನು ನಗದು, ಯುಪಿಐ, ಕಾರ್ಡ್, ಆ್ಯಪ್ ಎಂದು ನಾಲ್ಕು ಕಾಲಂ ಮಾಡಿ ಬರೆಯಿರಿ. ಗಲ್ಲಾದಿಂದ ಖರ್ಚಿಗೆ ತೆಗೆದ ಹಣಕ್ಕೆ ಚೀಟಿ ಇಡಿ. ಯುಪಿಐಯನ್ನು ದಿನಾ, ಆ್ಯಪನ್ನು ವಾರಕ್ಕೊಮ್ಮೆ, ಪೂರ್ತಿ ಖಾತೆಯನ್ನು ತಿಂಗಳಿಗೊಮ್ಮೆ ತಾಳೆ ನೋಡಿ. ಚೆಕ್ಕಿನ ಆಯುಷ್ಯ 3 ತಿಂಗಳು. ಅಷ್ಟರೊಳಗೆ ಬಾರದ ಚೆಕ್ಕನ್ನು ಪಟ್ಟಿಯಲ್ಲೇ ಬಿಡದೆ, ತೆಗೆದುಕೊಂಡವರನ್ನು ವಿಚಾರಿಸಿ. ಬೇಕಾಗುವುದು ಒಂದು ನೋಟ್‌ಬುಕ್, ಒಂದು ಸ್ಟೇಟ್‌ಮೆಂಟ್, ಸರಿಯಾದುದಕ್ಕೆ ಗುರುತು ಹಾಕಲು ಒಂದು ಪೆನ್ಸಿಲ್. ಗುರುತು ಬೀಳದೆ ಉಳಿದ ಸಾಲುಗಳನ್ನು ಮೊದಲು ಓದಿ, ಯಾರನ್ನಾದರೂ ಕೇಳುವುದಿದ್ದರೆ ಆಮೇಲೆ ಕೇಳಿ.